ಅವಿಭಾಜ್ಯ ಹೌದೋ ಅಲ್ಲವೋ? ಪೈಥಾನ್‌ನಲ್ಲಿ ತಪ್ಪಿಲ್ಲದೆ ಬರೆಯುವುದು ಹೀಗೆ

ಪ್ರೋಗ್ರಾಮಿಂಗ್ ಕಲಿಯುವವರು ಮೊದಲ ವಾರದಲ್ಲೇ ಬರೆಯುವ ಲೆಕ್ಕ ಇದು: ಕೊಟ್ಟ ಸಂಖ್ಯೆ ಅವಿಭಾಜ್ಯವೇ? ಹೆಚ್ಚಿನವರು ಬರೆದು, 5 ಕೊಟ್ಟು ನೋಡಿ, 7 ಕೊಟ್ಟು ನೋಡಿ, 10 ಕೊಟ್ಟು ನೋಡಿ, ಮೂರಕ್ಕೂ ಸರಿಯುತ್ತರ ಬಂತೆಂದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ. ಅದೇ ಪ್ರೋಗ್ರಾಮಿಗೆ 9 ಕೊಟ್ಟರೆ ಅವಿಭಾಜ್ಯ ಎನ್ನುತ್ತದೆ. ಗಣಿತ ಎಲ್ಲರಿಗೂ ಗೊತ್ತಿರುತ್ತದೆ. ಎಡವುವುದು ತೀರ್ಪನ್ನು ಯಾವಾಗ ಕೊಡಬೇಕು, ಹುಡುಕಾಟವನ್ನು ಎಲ್ಲಿ ನಿಲ್ಲಿಸಬೇಕು ಎಂಬ ಎರಡು ಕಡೆ.

ತಯಾರಿಗೆ ಹೆಚ್ಚೇನೂ ಬೇಡ. ಪೈಥಾನ್ 3 ಹಾಕಿಕೊಳ್ಳಿ, ಅದರ ಜೊತೆಗೇ ಬರುವ ಐಡಲ್ ಎಡಿಟರ್ ಸಾಕು. ಮುಂದಿನ ಸಾಲನ್ನು ತಾನೇ ತುಂಬಿಕೊಡುವ ಭಾರೀ ಎಡಿಟರ್‌ಗಳನ್ನು ಮೊದಲ ಎರಡು ತಿಂಗಳು ಮುಟ್ಟಬೇಡಿ. ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕೆಂಬುದು ಕೈಗೆ ಹತ್ತುವುದು ಸ್ವತಃ ಟೈಪ್ ಮಾಡಿದಾಗಲೇ.

ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದ ಹೆಸರನ್ನೇ ಇಡಬಹುದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿರಬೇಕು, ಅಷ್ಟೆ. ಹಳೆಯ ಆಸ್ಕಿ ಫಾಂಟ್‌ನದು ನಡೆಯದು. ವೈಲ್ (ಷರತ್ತು ನಿಜವಿರುವವರೆಗೆ ಸುತ್ತುವುದು), ಇಫ್ (ಹೀಗಿದ್ದರೆ), ರಿಟರ್ನ್ (ಉತ್ತರ ಕೊಟ್ಟು ಹೊರಬರುವುದು) ಮುಂತಾದ ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಸುಲಭವಾಗಲೆಂದು ಅವನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಡೆಫ್ ಅವಿಭಾಜ್ಯವೇ(ಸಂಖ್ಯೆ):
    ಇಫ್ ಸಂಖ್ಯೆ < 2:
        ರಿಟರ್ನ್ ಫಾಲ್ಸ್
    ಭಾಜಕ = 2
    ವೈಲ್ ಭಾಜಕ * ಭಾಜಕ <= ಸಂಖ್ಯೆ:
        ಇಫ್ ಸಂಖ್ಯೆ % ಭಾಜಕ == 0:
            ರಿಟರ್ನ್ ಫಾಲ್ಸ್
        ಭಾಜಕ = ಭಾಜಕ + 1
    ರಿಟರ್ನ್ ಟ್ರೂ

ಶೇಷ ನೋಡುವುದು

ಶೇಕಡಾ ಚಿಹ್ನೆ ಇಲ್ಲಿ ಶೇಷವನ್ನು ಕೊಡುತ್ತದೆ. 91 % 7 ಎಂದರೆ 0, 91 % 5 ಎಂದರೆ 1. ಒಂದೇ ಓರೆಗೆರೆ ಹಾಕಿ ಭಾಗಿಸಿ, ಉತ್ತರ ಪೂರ್ಣಾಂಕವೇ ಎಂದು ನೋಡುವ ದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನು ಬಿಟ್ಟುಬಿಡಿ. ಆ ಭಾಗಾಕಾರದ ಉತ್ತರ ದಶಮಾಂಶ ಸಂಖ್ಯೆಯಾಗಿ ಬರುತ್ತದೆ, ಅದರಲ್ಲಿ ಹಿಡಿಯುವ ಅಂಕಿಗಳಿಗೆ ಮಿತಿಯಿದೆ. 10000000000000001 ಬೆಸಸಂಖ್ಯೆ ಎಂದು ನೋಡಿದರೇ ತಿಳಿಯುತ್ತದೆ. ಅದನ್ನು ಓರೆಗೆರೆಯಿಂದ 2ರಿಂದ ಭಾಗಿಸಿದರೆ ಪೈಥಾನ್ ತೋರಿಸುವುದು 5000000000000000.0, ಆ ಅರ್ಧ ಎಲ್ಲೋ ಕಳೆದುಹೋಗಿರುತ್ತದೆ. ಶೇಷದ ಚಿಹ್ನೆ ಎಷ್ಟು ದೊಡ್ಡ ಪೂರ್ಣಾಂಕಕ್ಕೂ ಸರಿಯಾಗಿಯೇ ಹೇಳುತ್ತದೆ.

ತೀರ್ಪು ಕೊಡುವ ಜಾಗ

ಅತಿ ಹೆಚ್ಚು ಜನ ಜಾರುವುದು ಇಲ್ಲಿ. ಶೇಷ ಸೊನ್ನೆ ಬಂದರೆ ‘ಅಲ್ಲ’ ಎನ್ನಬೇಕು, ಸರಿ. ಸೊನ್ನೆ ಬರದಿದ್ದರೆ? ಕೈ ತಾನಾಗಿ ಎಲ್ಸ್ (ಇಲ್ಲದಿದ್ದರೆ) ಬರೆದು ‘ಹೌದು’ ಎಂದುಬಿಡುತ್ತದೆ. 9 ತೆಗೆದುಕೊಳ್ಳಿ. ಮೊದಲ ಭಾಜಕ 2, ಶೇಷ 1. ಸೊನ್ನೆಯಲ್ಲ, ಹಾಗಾಗಿ ಎಲ್ಸ್‌ಗೆ ಹೋಗಿ ಅವಿಭಾಜ್ಯವೆಂದು ಹೇಳಿ ಹೊರಟೇಹೋಯಿತು. 3ನ್ನು ನೋಡಲೇ ಇಲ್ಲ. ಹಾಗೆ ಬರೆದ ಪ್ರೋಗ್ರಾಂ ಅವಿಭಾಜ್ಯವನ್ನು ಹುಡುಕುತ್ತಿಲ್ಲ, ಬೆಸಸಂಖ್ಯೆಯನ್ನು ಹುಡುಕುತ್ತಿದೆ. ಆದರೆ 2ರಿಂದ 8ರವರೆಗೆ ಪ್ರತಿಯೊಂದಕ್ಕೂ ಅದರ ಉತ್ತರ ಸರಿಯೇ! ಆ ಸಾಲಿನಲ್ಲಿ ಬೆಸವಾಗಿಯೂ ಭಾಜ್ಯವಾಗಿರುವ ಸಂಖ್ಯೆ ಒಂದೂ ಇಲ್ಲ. ಸಣ್ಣ ಸಂಖ್ಯೆಗಳಲ್ಲಿ ಪರೀಕ್ಷಿಸಿದವರು ಮೋಸಹೋಗುವುದು ಈ ಕಾರಣಕ್ಕೆ.

‘ಅಲ್ಲ’ ಎನ್ನಲು ಒಂದು ಸಾಕ್ಷಿ ಸಾಕು. ‘ಹೌದು’ ಎನ್ನಬೇಕಾದರೆ ಎಲ್ಲ ಸಾಕ್ಷಿಗಳೂ ಮುಗಿದಿರಬೇಕು. ಆದ್ದರಿಂದ ರಿಟರ್ನ್ ಟ್ರೂ ಎಂಬ ಸಾಲು ವೈಲ್‌ನ ಹೊರಗೆ, ವೈಲ್ ಶುರುವಾದ ಕಂಬಸಾಲಿನಲ್ಲೇ ನಿಲ್ಲಬೇಕು. ನಾಲ್ಕು ಖಾಲಿ ಜಾಗ ಒಳಗೆ ಸರಿದರೂ ಕೆಟ್ಟಿತು: ಆಗ ಅದು ಮೊದಲ ಸುತ್ತಿನಲ್ಲೇ ‘ಹೌದು’ ಎಂದು ಹೇಳಿ ಮುಗಿಸುತ್ತದೆ.

ಭಾಜಕವನ್ನು ಒಂದು ಹೆಚ್ಚಿಸುವ ಸಾಲಿಗೂ ಇಷ್ಟೇ ಎಚ್ಚರ ಬೇಕು. ಅದು ಇಫ್‌ನ ಒಳಗೆ ಸೇರಿಕೊಂಡರೆ 5 ಕೊಟ್ಟ ಕೂಡಲೇ ಪ್ರೋಗ್ರಾಂ ಮುಗಿಯದೆ ಸುತ್ತುತ್ತಲೇ ಇರುತ್ತದೆ. ಕಂಪ್ಯೂಟರ್ ಹಾಳಾಯಿತೆಂದು ಹೆದರಬೇಡಿ. ಕಂಟ್ರೋಲ್ ಮತ್ತು ಸಿ ಕೀ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ.

ಎಲ್ಲಿಯವರೆಗೆ ಹುಡುಕಬೇಕು

ಅಪವರ್ತನಗಳು ಜೋಡಿಯಾಗಿ ಬರುತ್ತವೆ. 36ಕ್ಕೆ 1×36, 2×18, 3×12, 4×9, 6×6. ಪ್ರತಿ ಜೋಡಿಯಲ್ಲಿ ಚಿಕ್ಕದು ವರ್ಗಮೂಲವನ್ನು ದಾಟುವುದಿಲ್ಲ. ಎರಡೂ ದಾಟಿದ್ದರೆ ಗುಣಲಬ್ಧ 36ಕ್ಕಿಂತ ಹೆಚ್ಚಾಗಬೇಕಿತ್ತು. ಹಾಗಾಗಿ ವರ್ಗಮೂಲದವರೆಗೆ ನೋಡಿದರೆ ಸಾಕು. 9973 ಒಂದು ಅವಿಭಾಜ್ಯ. ಅದನ್ನು 2ರಿಂದ 9972ರವರೆಗೆ ಭಾಗಿಸುತ್ತ ಹೋದರೆ 9971 ಭಾಗಾಕಾರ, 99ಕ್ಕೆ ನಿಲ್ಲಿಸಿದರೆ ಬರೀ 98.

ವರ್ಗಮೂಲವನ್ನು ಲೆಕ್ಕಹಾಕಿ ಇಟ್ಟುಕೊಳ್ಳುವುದಕ್ಕಿಂತ, ಮೇಲೆ ಬರೆದಂತೆ ಭಾಜಕದ ವರ್ಗವನ್ನು ಸಂಖ್ಯೆಯೊಂದಿಗೆ ಹೋಲಿಸುವುದೇ ಒಳ್ಳೆಯದು. ಅಲ್ಲಿ ದಶಮಾಂಶದ ಸುಳಿವೇ ಇಲ್ಲ. ಹೋಲಿಕೆಯಲ್ಲಿ ‘ಸಮ’ ಚಿಹ್ನೆ ಬಿಡಬೇಡಿ. ಬಿಟ್ಟರೆ 25ಕ್ಕೆ 5ರ ಸರದಿ ಬರುವ ಮೊದಲೇ ಹುಡುಕಾಟ ನಿಲ್ಲುತ್ತದೆ. ಫಾರ್ ಮತ್ತು ರೇಂಜ್ ಬಳಸುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ: ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ. ವರ್ಗಮೂಲಕ್ಕೆ 1 ಕೂಡಿಸದೆ ಕೊಟ್ಟರೆ 6, 8, 15, 35 ಎಲ್ಲವೂ ಅವಿಭಾಜ್ಯಗಳಾಗಿಬಿಡುತ್ತವೆ.

ಕೆಲವು ಲ್ಯಾಬ್‌ಗಳಲ್ಲಿ ಈಗಲೂ ಸಿ ಭಾಷೆಯ ಹಳೆಯ ಕಂಪೈಲರ್ ಟರ್ಬೊ ಸಿ ಇದೆ. ಇದೇ ತರ್ಕವನ್ನು ಅಲ್ಲಿ ಬರೆಯುವವರು ನೆನಪಿಡಿ: ಅದರ ಇಂಟ್ (ಪೂರ್ಣಾಂಕ ಇಡುವ ಚರ) 16 ಬಿಟ್‌ನದು, 32767ಕ್ಕಿಂತ ದೊಡ್ಡದು ಹಿಡಿಯದು. 40000 ಕೊಟ್ಟರೆ ಒಳಗೆ ಅದು -25536 ಆಗಿ ಕೂರುತ್ತದೆ. ಎರಡಕ್ಕಿಂತ ಕಡಿಮೆಯೇ ಎಂಬ ಮೊದಲ ಪರೀಕ್ಷೆ ಇಲ್ಲದಿದ್ದರೆ ಸುತ್ತು ಶುರುವೇ ಆಗದೆ, ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಯನ್ನು ಅವಿಭಾಜ್ಯ ಎನ್ನುತ್ತದೆ. ಸಾಧ್ಯವಾದರೆ ಆ ಕಂಪೈಲರನ್ನೇ ಬಿಡಿ. ಪೈಥಾನ್‌ನ ಪೂರ್ಣಾಂಕಕ್ಕೆ ಈ ತೊಂದರೆ ಇಲ್ಲ.

ಎಣಿಸಿ ನೋಡುವುದು

ಒಂದೊಂದೇ ಸಂಖ್ಯೆ ಕೊಟ್ಟು ನೋಡುವುದನ್ನು ನಿಲ್ಲಿಸಿ. 1ರಿಂದ 100ರವರೆಗೆ ಪ್ರತಿ ಸಂಖ್ಯೆಗೂ ಅವಿಭಾಜ್ಯವೇ ಎಂದು ಕೇಳಿ, ‘ಹೌದು’ ಬಂದದ್ದನ್ನು ಎಣಿಸಿ. 25 ಬರಬೇಕು. ಬರದಿದ್ದರೆ, ಬಂದ ಸಂಖ್ಯೆಯೇ ತಪ್ಪು ಎಲ್ಲಿದೆಯೆಂದು ಹೇಳುತ್ತದೆ. 26 ಬಂದರೆ 1 ಒಳಗೆ ನುಸುಳಿದೆ. 24 ಬಂದರೆ ‘ಸಮಸಂಖ್ಯೆಗಳನ್ನೆಲ್ಲ ಬಿಡು’ ಎಂಬ ಅಡ್ಡದಾರಿ ಸೇರಿಸಿ 2ನ್ನೂ ಹೊರಗೆ ಹಾಕಿದ್ದೀರಿ. 29 ಬಂದರೆ ‘ಸಮ’ ಚಿಹ್ನೆ ಬಿಟ್ಟುಹೋಗಿದೆ: 4, 9, 25, 49 ನಾಲ್ಕೂ ಸೇರಿಕೊಂಡಿವೆ. 33 ಬಂದರೆ ರೇಂಜ್‌ನಲ್ಲಿ 1 ಕೂಡಿಸಿಲ್ಲ. 50 ಬಂದರೆ ಎಲ್ಸ್ ಒಳಗಿಂದ ತೀರ್ಪು ಹೊರಡುತ್ತಿದೆ, 2ರ ಜೊತೆಗೆ 3ರಿಂದ 99ರವರೆಗಿನ 49 ಬೆಸಸಂಖ್ಯೆಗಳೂ ಎಣಿಕೆಗೆ ಬಂದಿವೆ.

100ಕ್ಕೆ ಸರಿಬಂದ ಮೇಲೆ ಮಿತಿ ಹೆಚ್ಚಿಸಿ. 1000ದೊಳಗೆ 168, 10000ದೊಳಗೆ 1229, ಒಂದು ಲಕ್ಷದೊಳಗೆ 9592, ಹತ್ತು ಲಕ್ಷದೊಳಗೆ 78498. ಹತ್ತು ಲಕ್ಷಕ್ಕೆ ಈ ಪ್ರೋಗ್ರಾಂ ತುಸು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ದೂರ ಎಣಿಸಲು ಎರಟೋಸ್ತನೀಸನ ಜರಡಿ ಮೇಲು: ಎಲ್ಲ ಸಂಖ್ಯೆಗಳ ಪಟ್ಟಿ ಇಟ್ಟುಕೊಂಡು, ಪ್ರತಿ ಅವಿಭಾಜ್ಯದ ಗುಣಕಗಳನ್ನು ಅದರ ವರ್ಗದಿಂದ ಶುರುಮಾಡಿ ಹೊಡೆದುಹಾಕುತ್ತ ಹೋಗುವುದು.

ಬಳಸುವವರಿಂದ ಸಂಖ್ಯೆ ಕೇಳುವುದಾದರೆ ಇನ್‌ಪುಟ್ ಕೊಡುವುದು ಅಕ್ಷರಗಳ ಸಾಲನ್ನು, ಸಂಖ್ಯೆಯನ್ನಲ್ಲ. ಇಂಟ್ ಒಳಗೆ ಹಾಕಿಯೇ ಬಳಸಿ. ಕನ್ನಡ ಅಂಕಿಯಲ್ಲಿ ೯೧ ಎಂದು ಟೈಪ್ ಮಾಡಿದರೂ ಇಂಟ್ ಅದನ್ನು 91 ಎಂದೇ ಓದುತ್ತದೆ.

ಇದೇ ಸುತ್ತಿನಿಂದ ಇನ್ನೆರಡು ಲೆಕ್ಕ

ಮ.ಸಾ.ಅ. ಕಂಡುಹಿಡಿಯಲು ಯೂಕ್ಲಿಡನ ಕ್ರಮ ಒಂದೇ ಸಾಲಿನದು: ಎರಡನೆಯದು ಸೊನ್ನೆಯಾಗುವವರೆಗೆ ಜೋಡಿಯನ್ನು ಎರಡನೆಯದು ಮತ್ತು ಶೇಷ ಎಂದು ಬದಲಿಸುತ್ತ ಹೋಗಿ. (252, 105), (105, 42), (42, 21), (21, 0). ಉತ್ತರ 21. ಬದಲಾವಣೆಯನ್ನು ಅ, ಆ = ಆ, ಅ % ಆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಎರಡು ಸಾಲಾಗಿ ಒಡೆದರೆ ‘ಅ’ಗೆ ಮೊದಲೇ 105 ಬಂದಿರುತ್ತದೆ, ಮುಂದೆ 105ನ್ನು 105ರಿಂದಲೇ ಭಾಗಿಸಿ ಶೇಷ ಸೊನ್ನೆ ಎಂದು 105ನ್ನೇ ಉತ್ತರವಾಗಿ ಕೊಡುತ್ತದೆ. ಲ.ಸಾ.ಅ. ಬೇಕಾದರೆ ಎರಡರ ಗುಣಲಬ್ಧವನ್ನು ಇದರಿಂದ ಭಾಗಿಸಿ, ಪೂರ್ಣಾಂಕವನ್ನೇ ಕೊಡುವ ಜೋಡಿ ಓರೆಗೆರೆಯಿಂದ (//): 1260.

ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತಕ್ಕೆ ತಾನೇ ಸಮನಾದದ್ದು. ಮೊತ್ತವನ್ನು 1ರಿಂದ ಶುರುಮಾಡಿ, ಭಾಜಕವನ್ನು 2ರಿಂದ ವರ್ಗಮೂಲದವರೆಗೆ ನಡೆಸಿ, ಶೇಷ ಸೊನ್ನೆಯಾದಾಗ ಭಾಜಕ ಮತ್ತು ಅದರ ಜೋಡಿ ಎರಡನ್ನೂ ಕೂಡಿಸಿ. ಪೂರ್ಣವರ್ಗ ಬಂದಾಗ ಜೋಡಿಯ ಎರಡೂ ಒಂದೇ ಆಗಿರುತ್ತವೆ. ಆಗ ಒಮ್ಮೆ ಮಾತ್ರ ಕೂಡಿಸಬೇಕು. 36ಕ್ಕೆ ಸರಿಯಾದ ಮೊತ್ತ 55, ಈ ಎಚ್ಚರ ತಪ್ಪಿದರೆ 61. ಇನ್ನು 1ನ್ನು ಮೊದಲೇ ಹೊರಗಿಡಿ. ಮೊತ್ತ 1ರಿಂದ ಶುರುವಾಗುವುದರಿಂದ ಸುತ್ತಿನೊಳಗೆ ಹೋಗದೆಯೇ 1 ಪರಿಪೂರ್ಣ ಎನಿಸಿಕೊಳ್ಳುತ್ತದೆ. 10000ದೊಳಗೆ ನಿಮ್ಮ ಪ್ರೋಗ್ರಾಂ ಕೊಡಬೇಕಾದದ್ದು ನಾಲ್ಕೇ ಸಂಖ್ಯೆ: 6, 28, 496, 8128.