ಆರು ನೆನಪು, ಎರಡು ಸೆಷನ್: ಆಡ್ಲರ್ ಪದ್ಧತಿ ಕೈಗೆ ಹತ್ತಿದ ಬಗೆ

ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ತೋರಿಸಿದ ದಾರಿಯಲ್ಲಿ, ಬಾಲ್ಯದ ನೆನಪು ಹಿಡಿದು ಆಪ್ತಸಮಾಲೋಚನೆ ಮಾಡ್ತೀನಿ ಅಂದಾಗ ಜೊತೆಯವರು, "ಜಾತಕ ನೋಡೋದಕ್ಕೂ ಇದಕ್ಕೂ ಏನ್ರೀ ವ್ಯತ್ಯಾಸ?" ಅಂತ ನಕ್ಕಿದ್ದರು. ಮೊದಲ ಎಂಟು-ಹತ್ತು ಕೇಸುಗಳಲ್ಲಿ ಅವರ ಮಾತೇ ನಿಜವಾಯ್ತು. ಯಾವ ನೆನಪನ್ನ ಹೇಗೆ ಹೇಳ್ತೀವಿ ಅನ್ನೋದರಲ್ಲಿ ನಾವು ಇವತ್ತು ಬದುಕನ್ನ ನೋಡೋ ರೀತಿ ಕಾಣುತ್ತೆ ಅನ್ನೋದು ಆಡ್ಲರನ ಮಾತು. ತಪ್ಪು ಅವನದ್ದಲ್ಲ, ನಾನು ಕೇಳ್ತಿದ್ದ ರೀತಿಯದ್ದು. "ಬಾಲ್ಯ ಹೇಗಿತ್ತು?" ಅಂದರೆ "ಅಪ್ಪ ಯಾವಾಗಲೂ ಬಯ್ಯುತ್ತಿದ್ದರು" ಅನ್ನೋ ಉತ್ತರ ಬರುತ್ತೆ. ಅದು ವರದಿ, ನೆನಪಲ್ಲ. ಕೆಲಸಕ್ಕೆ ಬರೋದು "ಒಂದು ದಿನ..." ಅಂತ ಶುರುವಾಗುವ, ಎಂಟು ವರ್ಷಕ್ಕೆ ಮುಂಚಿನ ಒಂದೇ ಘಟನೆ.

ಈಗ ಆರು ನೆನಪು ತೆಗೆಸ್ತೀನಿ. ಮೂರಕ್ಕೇ ನಿಲ್ಲಿಸಿದರೆ ಮನೆಯವರು ಹೇಳಿ ಹೇಳಿ ಬಾಯಿಪಾಠವಾದ ಕಥೆಗಳೇ ಸಿಗೋದು. ಅವರದೇ ಮಾತಿನಲ್ಲಿ ಬರೆದುಕೊಂಡು, ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ಫೋಟೊ ಹಿಡಿಯೋದಾದರೆ ಯಾವ ಕ್ಷಣ? ಆಗ ಏನನ್ನಿಸಿತು? ಎರಡನೆಯದನ್ನ ಬಿಟ್ಟಿರೋ, ಎಲ್ಲಾ ಕೆಟ್ಟಿತು. ಜಾತ್ರೆಯಲ್ಲಿ ಕೈತಪ್ಪಿದ್ದು ಒಬ್ಬರಿಗೆ ಗಾಬರಿ, ಇನ್ನೊಬ್ಬರಿಗೆ ಖುಷಿ. ಆಮೇಲೆ ಕ್ರಿಯಾಪದಗಳಿಗಷ್ಟೇ ಗೆರೆ ಎಳೀರಿ: ನೋಡ್ತಾ ನಿಂತೆ, ಬಾಗಿಲ ಹಿಂದೆ ಅಡಗಿದೆ, ಕಾದೆ. ಆರರಲ್ಲಿ ನಾಲ್ಕು ಕಡೆ ಬರೀ ನೋಡುವವರಾಗಿದ್ದರೆ, ಮೀಟಿಂಗಿನಲ್ಲಿ ಬಾಯೇ ಬರಲ್ಲ ಅನ್ನೋ ದೂರಿನ ಬೇರು ಅಲ್ಲಿರಬಹುದು. ತೀರ್ಪು ಕೊಡಬೇಡಿ, "ಹೀಗಿರಬಹುದಾ?" ಅಂತ ಕೇಳಿ ಮುಖ ನೋಡಿ. ಆರನ್ನೂ ಯಾವ ಕ್ರಮದಲ್ಲಿ ಓದಿ ಹೇಳ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ನಾಲ್ಕು ವರ್ಷ ಸವೆಸಿದ್ದೀನಿ.

ದುಡ್ಡಿನ ಮಾತು. ಸೆಷನ್ನಿಗೆ ಆರೇಳುನೂರು ತಗೋತೀನಿ. ನೆನಪಿಗೇ ಎರಡು ಸೆಷನ್ ಹೋದರೆ "ಸಮಸ್ಯೆ ಬಿಟ್ಟು ಕಥೆ ಕೇಳ್ತಾರೆ" ಅಂತ ಮೂವರಲ್ಲಿ ಒಬ್ಬರು ಮತ್ತೆ ಬರ್ತಿರಲಿಲ್ಲ. ಈಗ ಮೊದಲ ದಿನವೇ ಆಡ್ಲರನ ಆ ಪ್ರಶ್ನೆ ಹಾಕ್ತೀನಿ: ಈ ತೊಂದರೆ ನಾಳೆಯೇ ಹೋದರೆ ಏನು ಮಾಡ್ತೀರಿ? "ಮದುವೆಗೆ ಒಪ್ಪಬೇಕಾಗುತ್ತೆ" ಅಂದರೆ ತಲೆನೋವು ಅವರನ್ನ ಯಾವುದರಿಂದ ಕಾಪಾಡ್ತಿದೆ ಅಂತ ಸುಳಿವು ಸಿಕ್ಕಿತು. "ನೋವಿರಲ್ಲ, ಅಷ್ಟೇ" ಅಂದರೆ ಮೊದಲು ಡಾಕ್ಟರ ಹತ್ತಿರ ಕಳಿಸ್ತೀನಿ. ಇದಾದ ಮೇಲೆ ಬಿಟ್ಟುಹೋಗೋರು ಹತ್ತಕ್ಕೆ ಒಬ್ಬರಿರಬಹುದು.

ಮನೆಯಲ್ಲಿ ಎಷ್ಟನೇ ಮಗು ಅನ್ನೋದಕ್ಕೂ ಆಡ್ಲರ್ ಬೆಲೆ ಕೊಟ್ಟಿದ್ದ ಅಂತ ಜನನಕ್ರಮದ ಫಾರಂ ಮಾಡಿಸಿ ತುಂಬಿಸಿದ್ದು ದಂಡ. ಅಪ್ಪನಿಗೆ ಹಿರಿಮಗನಾದರೂ ದೊಡ್ಡಪ್ಪನ ಮಕ್ಕಳ ಮಧ್ಯೆ ನಡುವಿನವನಾಗಿ ಬೆಳೆದವರು ಬೇಕಾದಷ್ಟಿದ್ದಾರೆ. ಮಗು ತನ್ನ ಜಾಗ ಯಾವುದು ಅಂದುಕೊಂಡಿತ್ತು ಅನ್ನೋದೇ ಆಡ್ಲರನಿಗೂ ಮುಖ್ಯ. ಈಗ "ಮನೇಲಿ ನಿಮಗೆ ಪೈಪೋಟಿ ಯಾರು?" ಅಂತ ಕೇಳಿದರೆ ಸಾಕು.

ಹತ್ತನೇ ಸೆಷನ್ನಿನ ಆಸುಪಾಸು ಮತ್ತೆ ನೆನಪು ಕೇಳಿ ನೋಡಿ. ಅದೇ ಜಾತ್ರೆ, ಅದೇ ಅಳು. ಆದರೆ ಈ ಸಲ ಬಳೆ ಅಂಗಡಿಯವಳು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಬೆಂಡು-ಬತ್ತಾಸು ಕೊಟ್ಟದ್ದೂ ಅದರಲ್ಲಿ ಸೇರಿರುತ್ತೆ.