ಹಂದಿಜ್ವರದ ವರ್ಷ ನಮ್ಮ ಲ್ಯಾಬಿನಲ್ಲಿ

2009ರ ಆಗಸ್ಟ್ 3ರಂದು ಪುಣೆಯಲ್ಲಿ 14 ವರ್ಷದ ಹುಡುಗಿಯೊಬ್ಬಳು ಎಚ್1ಎನ್1, ಅಂದರೆ ಹಂದಿಜ್ವರದಿಂದ ತೀರಿಕೊಂಡಳು. ದೇಶದಲ್ಲಿ ಈ ಕಾಯಿಲೆಗೆ ಅದೇ ಮೊದಲ ಸಾವು. ಊರಿಗೆ ಊರೇ ಹೆದರಿತು. ನಾನಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಸ್ಯಾಂಪಲ್ ಪರೀಕ್ಷೆಯ ತಂಡದಲ್ಲಿದ್ದೆ. ಸ್ಯಾಂಪಲ್ ತುಂಬಿದ ಥರ್ಮಾಕೋಲ್ ಡಬ್ಬಿಗಳು ಬರುತ್ತಲೇ ಇದ್ದವು.

ಲ್ಯಾಬ್ ಅಂದರೆ ಎಲ್ಲರಿಗೂ ವೈರಸ್ಸಿನ ಜೀನ್ ಹುಡುಕುವ ಪಿಸಿಆರ್ ಮೆಷಿನ್ ನೆನಪಾಗುತ್ತದೆ. ನನ್ನ ಮಟ್ಟಿಗೆ ಅರ್ಧ ಕೆಲಸ ನಡೆಯುವುದು ಡಬ್ಬಿ ಬಿಚ್ಚುವ ಮೇಜಿನ ಮೇಲೆ. ಐಸ್ ಕರಗಿ ನೀರಾದರೆ ಪೆನ್ನಿನಲ್ಲಿ ಬರೆದ ಹೆಸರು ಅಳಿಸಿಹೋಗುತ್ತದೆ. ಫಾರ್ಮಿನಲ್ಲಿ ಒಂದು ಹೆಸರು, ಟ್ಯೂಬಿನ ಮೇಲೆ ಇನ್ನೊಂದು ಇದ್ದರೆ ಆ ರಿಪೋರ್ಟ್ ಯಾರದು ಅಂತ ಕೊಡೋದು? ಫಾರ್ಮನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಟ್ಯೂಬಿಗೆ ನೀರಿಗೆ ಅಳಿಯದ ಮಾರ್ಕರ್ ಬಳಸಿ ಅಂತ ಆಸ್ಪತ್ರೆಗಳಿಗೆ ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ಗಂಟಲಿನಿಂದ ಸ್ಯಾಂಪಲ್ ತೆಗೆಯೋಕೆ ಮರದ ಕಡ್ಡಿಯ ಹತ್ತಿ ಸ್ವಾಬ್ ಬೇಡ ಅನ್ನುವುದನ್ನೂ ಅಷ್ಟೇ ಸಲ ಹೇಳಿದ್ದೇವೆ. ಅಂಥ ಸ್ವಾಬ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ.

ಒಂದೊಂದು ಸ್ಯಾಂಪಲ್ಲಿಗೂ ನಾಲ್ಕು ಪರೀಕ್ಷೆ. ಇನ್‌ಫ್ಲುಯೆನ್ಜಾ ಎ ಇದೆಯಾ, ಅದು ಹಂದಿ ಮೂಲದ್ದಾ, ಹೊಸ ಎಚ್1 ಹೌದಾ ಅಂತ ಮೂರು. ನಾಲ್ಕನೆಯದು ಮನುಷ್ಯನ ಜೀನಿನದು, ಆರ್‌ಎನ್‌ಏಸ್ ಪಿ. ಸ್ವಾಬಿನಲ್ಲಿ ರೋಗಿಯ ಕೋಶ ಬಂದಿದ್ದರೆ ಇದು ಕಾಣಲೇಬೇಕು. ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ. ಮೆಷಿನ್ನಿನ ಗ್ರಾಫಿನಲ್ಲಿ ಅದರ ಗೆರೆ ಏಳದೆ ಉಳಿದ ಮೂರೂ ಖಾಲಿ ಬಂದರೆ 'ನೆಗೆಟಿವ್' ಅಂತ ಬರೆಯುವ ಹಾಗಿಲ್ಲ. ಸ್ವಾಬ್ ಗಂಟಲಿಗೆ ಸರಿಯಾಗಿ ತಾಗಿಯೇ ಇರಲಿಕ್ಕಿಲ್ಲ, ಅಲ್ವಾ? ಇನ್ನೊಂದು ಸ್ಯಾಂಪಲ್ ಕಳಿಸಿ ಅಂತ ಕೇಳಬೇಕು. ರೋಗಿಯ ಮನೆಯವರಿಗೆ ಅದು ಸಿಟ್ಟು ತರಿಸುತ್ತದೆ, ಆದರೆ ಸುಳ್ಳು ಸಮಾಧಾನ ಕೊಡುವುದಕ್ಕಿಂತ ಇದು ವಾಸಿ.

ಹೆದರಿಕೆಯಿಂದ ಬರುವ ಎಲ್ಲ ಸ್ಯಾಂಪಲ್‌ಗಳನ್ನೂ ಪರೀಕ್ಷಿಸುತ್ತಾ ಕೂತರೆ, ಐಸಿಯುನಲ್ಲಿರುವವರ ಟ್ಯೂಬ್ ಸಾಲಿನ ಕೊನೆಗೆ ಬೀಳುತ್ತದೆ. ಸರ್ಕಾರ ಕಾಯಿಲೆಯ ತೀವ್ರತೆ ನೋಡಿ ರೋಗಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ ಮೇಲೆ ನಮಗೆ ಉಸಿರಾಡೋಕೆ ಸ್ವಲ್ಪ ಜಾಗ ಸಿಕ್ಕಿತು. ಸಣ್ಣ ಜ್ವರಕ್ಕೆ ಪರೀಕ್ಷೆಯೇ ಬೇಡ, ಆಸ್ಪತ್ರೆಗೆ ಸೇರಿಸಬೇಕಾದ 'ಸಿ' ಗುಂಪಿನವರಿಗೆ ಮಾತ್ರ. ಈ ನಿರ್ಧಾರವನ್ನು ಜನ ಬೈದರು. ನಾನು ಈಗಲೂ ಅದರ ಪರ.

ಬೆಳಗಾವಿ ಕಡೆಯ ಡಾಕ್ಟರೊಬ್ಬರು ಒಮ್ಮೆ ಕನ್ನಡದಲ್ಲೇ ಫೋನ್ ಮಾಡಿದರು. "ರಿಪೋರ್ಟ್ ಯಾವಾಗ ಕೊಡ್ತೀರಿ ಮೇಡಮ್? ಉಸಿರಾಟ ಭಾಳ ಕಷ್ಟ ಆಗೇದ." ನಾನಂದೆ, "ಸರ್, ರಿಪೋರ್ಟಿಗೆ ಕಾಯಬೇಡಿ, ಒಸೆಲ್ಟಾಮಿವಿರ್ ಈಗಲೇ ಶುರು ಮಾಡಿ." ಫ್ಲೂ ವೈರಸ್ ತಡೆಯುವ ಆ ಮಾತ್ರೆ ಕಾಯಿಲೆ ಶುರುವಾದ ಮೊದಲ 48 ಗಂಟೆಯೊಳಗೆ ಬಿದ್ದರೆ ಜಾಸ್ತಿ ಕೆಲಸ ಮಾಡುತ್ತದೆ. ಸ್ಯಾಂಪಲ್ ಪ್ರಯಾಣ ಮಾಡಿ ಬರುವುದರಲ್ಲೇ ಎಷ್ಟೋ ಹೊತ್ತು ಕಳೆದಿರುತ್ತದೆ.

ಬೇರೆ ಊರುಗಳಲ್ಲೂ ಪರೀಕ್ಷೆ ಶುರುವಾದಾಗ ನಮ್ಮ ಹೊರೆ ಇಳಿಯಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆ ಕೆಲಸ ಮಾಡಿತು. ಆಗ ನಾವು ನಮ್ಮದೇ ಕೆಲಸಕ್ಕೆ ಮರಳಿದೆವು. ಪಾಸಿಟಿವ್ ಬಂದವುಗಳಲ್ಲಿ ಕೆಲವನ್ನು ಆರಿಸಿ, ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಕೋಶಗಳಲ್ಲಿ ವೈರಸ್ ಬೆಳೆಸುವುದು. ಅದರ ಜೀನ್ ಓದಿ ಎಚ್275ವೈ ಬದಲಾವಣೆ ಇದೆಯಾ ನೋಡುವುದು. ಅದಿದ್ದರೆ ಒಸೆಲ್ಟಾಮಿವಿರ್ ಕೆಲಸ ಮಾಡುವುದಿಲ್ಲ. ಇದಕ್ಕೆ ಟಿವಿಯವರು ಬರುವುದಿಲ್ಲ, ಆದರೆ ಡಾಕ್ಟರ ಕೈಯಲ್ಲಿರುವ ಔಷಧಿ ಇನ್ನೂ ನಾಟುತ್ತದಾ ಅನ್ನುವುದು ತಿಳಿಯುವುದು ಇಲ್ಲಿಂದಲೇ.

2010ರ ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಮುಗಿಯಿತು ಅಂತ ಸಾರಿತು. ವೈರಸ್ ಹೋಗಲಿಲ್ಲ, ಋತುಮಾನದ ಫ್ಲೂ ಆಗಿ ಉಳಿಯಿತು. ಹಾಗಾಗಿ ಸ್ಯಾಂಪಲ್ ತರಿಸುವುದನ್ನು ನಾವೂ ನಿಲ್ಲಿಸಲಿಲ್ಲ.