ನಾಲ್ವರು ವಿಮರ್ಶಕರು, ಒಂದು ಶೀಟು: ಗೇಮ್ ಆರಿಸುವ ನನ್ನ ದಾರಿ

ಹೋದ ಎರಡು ವರ್ಷದಲ್ಲಿ, ವಿಮರ್ಶೆಗಳನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ತಾಳೆ ನೋಡಿಕೊಂಡು, ಪೂರ್ತಿ ಬೆಲೆ ಕೊಟ್ಟು 17 ಗೇಮ್ ಕೊಂಡಿದ್ದೇನೆ, 14 ಮುಗಿಸಿದ್ದೇನೆ. ಉಳಿದ ಮೂರರಲ್ಲಿ ಎರಡನ್ನು, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಎರಡು ಗಂಟೆ ಆಟದ ಗಡುವಿನೊಳಗೇ ವಾಪಸ್ ಮಾಡಿ ದುಡ್ಡು ತೆಗೆದುಕೊಂಡೆ. ನಿಜವಾಗಿ ಲೆಕ್ಕ ತಪ್ಪಿದ್ದು ಒಂದೇ ಒಂದರಲ್ಲಿ. ‘ಲೋ, ಇಷ್ಟೆಲ್ಲ ಲೆಕ್ಕ ಹಾಕ್ಕೊಂಡು ಯಾರಾದ್ರೂ ಗೇಮ್ ಆಡ್ತಾರೇನೋ?’ ಅಂತ ಕೇಳಿದ್ದ ಗೆಳೆಯ ಈಗ ಏನನ್ನಾದರೂ ಕೊಳ್ಳುವ ಮೊದಲು ನನಗೆ ಮೆಸೇಜ್ ಹಾಕುತ್ತಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಅದಕ್ಕೂ ಹಿಂದಿನ ಮೂರು ವರ್ಷದ್ದು ಬೇರೆಯೇ ಕಥೆ. ಸುಮಾರು 30 ಗೇಮ್ ಕೊಂಡಿದ್ದೆ, ಮುಗಿಸಿದ್ದು ಎಂಟೋ ಒಂಬತ್ತೋ. ಒಂದಕ್ಕೆ 60 ಡಾಲರ್ ಅಂತ ಹಿಡಿದರೂ 1200 ಡಾಲರ್‌ಗೂ ಹೆಚ್ಚು ಹಣ ನನ್ನ ಗೇಮ್ ಲೈಬ್ರರಿಯಲ್ಲಿ ಸುಮ್ಮನೆ ಬಿದ್ದಿತ್ತು. ಈಗ ದೊಡ್ಡ ಗೇಮ್‌ಗಳು 70 ಡಾಲರ್‌ಗೆ ಏರಿವೆ, 2025ರಲ್ಲಿ ಮಾರಿಯೊ ಕಾರ್ಟ್ ವರ್ಲ್ಡ್ 80 ಡಾಲರ್‌ಗೇ ಬಂತು. ಆ ದರದಲ್ಲಿ ಹಳೆಯ ಚಾಳಿ ಮುಂದುವರಿಸಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಳೆಯ ಚಾಳಿ ಅಂದರೆ ನಿಮ್ಮಲ್ಲಿ ಬಹಳ ಜನ ಮಾಡುವುದೇ. ವಿಮರ್ಶಕರ ಅಂಕಗಳ ಸರಾಸರಿಯನ್ನು 100ಕ್ಕೆ ಇಷ್ಟು ಅಂತ ತೋರಿಸುವ ಮೆಟಾಕ್ರಿಟಿಕ್ ತಾಣ ತೆರೆ, ಅಂಕದ ಚೌಕ ಹಸಿರಾಗಿದೆಯಾ ನೋಡು, 90 ದಾಟಿದ್ದರೆ ಕಣ್ಣು ಮುಚ್ಚಿ ಕೊಂಡುಬಿಡು. ಇದನ್ನು ಬಿಡಿಸಿದ್ದು ಒಂದು ಓಪನ್ ವರ್ಲ್ಡ್ ಗೇಮ್, ದೊಡ್ಡ ಲೋಕದಲ್ಲಿ ಬೇಕಾದ ಕಡೆ ಅಲೆಯುವಂಥದ್ದು. ಹೆಸರು ಬೇಡ. ಅಂಕ 90ರ ಮೇಲೆ, ಹೊಗಳದವರೇ ಇಲ್ಲ. ಒಂಬತ್ತನೇ ಗಂಟೆಯಲ್ಲಿ ಮ್ಯಾಪ್ ತೆರೆದೆ. ಪರದೆ ತುಂಬ ಗುರುತುಗಳು, ಪ್ರತಿಯೊಂದರ ಹಿಂದೆಯೂ ಅದೇ ಶಿಬಿರ, ಅದೇ ಆರು ಜನ ಶತ್ರುಗಳು, ಅದೇ ಪೆಟ್ಟಿಗೆ. ಕಂಟ್ರೋಲರ್ ಕೆಳಗಿಟ್ಟೆ, ಮತ್ತೆ ಆ ಗೇಮ್ ತೆರೆಯಲೇ ಇಲ್ಲ. ಅವತ್ತು ರಾತ್ರಿಯೇ ಅದರ ವಿಮರ್ಶೆಗಳನ್ನು ತೆಗೆದು ಮತ್ತೆ ಓದಿದೆ. ಮೂರು ಜನ ಸ್ಪಷ್ಟವಾಗಿ ಬರೆದಿದ್ದರು, ಮುಖ್ಯ ಕಥೆಯ ಆಚೆಗಿನ ಅಡ್ಡ ಕೆಲಸಗಳು ಒಂದೇ ಥರ ಇವೆ ಅಂತ. ಒಬ್ಬರು ಐದನೇ ಪ್ಯಾರಾದಲ್ಲಿ, ಇಬ್ಬರು ಕೊನೆಗೆ. ಮೂವರೂ ಕೊಟ್ಟಿದ್ದು ಹತ್ತಕ್ಕೆ 9. ಅವರಿಗೆ ಅದು ತೊಂದರೆ ಅನ್ನಿಸಿರಲಿಲ್ಲ, ನನಗೆ ಗೇಮ್ ಬಿಡಲು ಅದೊಂದೇ ಸಾಕಾಯಿತು. ನನಗೆ ಬೇಕಾಗಿದ್ದ ಮಾಹಿತಿ ಅಲ್ಲೇ ಇತ್ತು. ಅಂಕ ನೋಡಿ ಖುಷಿಯಾಗಿ ನಾನೇ ಓದಿರಲಿಲ್ಲ.

ಮಾರನೇ ದಿನ ಶೀಟ್ ಶುರುವಾಯಿತು.

ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. ಮೆಟಾಕ್ರಿಟಿಕ್ ಯಾವ ಪತ್ರಿಕೆಗೆ ಎಷ್ಟು ತೂಕ ಕೊಡುತ್ತದೆ ಅಂತ ಹೊರಗೆ ಹೇಳುವುದಿಲ್ಲ. ಅಂಥದ್ದೇ ಇನ್ನೊಂದು ತಾಣ ಓಪನ್‌ಕ್ರಿಟಿಕ್ ತೂಕವೇ ಹಾಕದೆ ನೇರ ಸರಾಸರಿ ತೆಗೆಯುತ್ತದೆ. ಸರಿ, ತೂಕ ನಾನೇ ಹಾಕೋಣ ಅಂದುಕೊಂಡೆ. ಇಷ್ಟದ ಪತ್ರಿಕೆಗೆ ಮೂರು ಪಾಲು, ಪರವಾಗಿಲ್ಲ ಅನ್ನಿಸುವುದಕ್ಕೆ ಎರಡು, ಮಿಕ್ಕವಕ್ಕೆ ಒಂದು. ಮೂರು ತಿಂಗಳು ಕೂತು ಕೂಡಿದೆ, ಭಾಗಿಸಿದೆ. ಕೊನೆಗೆ ಸಿಕ್ಕ ಸಂಖ್ಯೆ ಮೆಟಾಕ್ರಿಟಿಕ್ ಅಂಕಕ್ಕಿಂತ ಒಂದೋ ಎರಡೋ ಆಚೀಚೆ, ಅಷ್ಟೇ. ಹೇಗೆ ಸರಾಸರಿ ತೆಗೆದರೂ ವಿಮರ್ಶಕರ ನಡುವಿನ ಜಗಳ ಅಳಿಸಿಹೋಗುತ್ತದೆ, ನನಗೆ ಬೇಕಾಗಿದ್ದದ್ದು ಜಗಳವೇ. ಆ ಲೆಕ್ಕವನ್ನು ನಂಬಿ ಕೊಂಡ ನಾಲ್ಕು ಗೇಮ್‌ಗಳಲ್ಲಿ ಮೂರನ್ನು ಅರ್ಧಕ್ಕೇ ಬಿಟ್ಟೆ. ಹತ್ತಿರ ಹತ್ತಿರ 200 ಡಾಲರ್ ಕೈ ಸುಟ್ಟಿತು.

ಎರಡನೇ ಸಲ ಬೇರೆ ದಾರಿ ಹಿಡಿದೆ. ಹಳೆಯ 40 ಗೇಮ್‌ಗಳಿಗೆ ನಾನೇ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಯಾವ ವಿಮರ್ಶಕರು ನನ್ನ ಹತ್ತಿರ ಇದ್ದಾರೆ ಅಂತ ಹುಡುಕಿದೆ. ಇದೂ ಕೈಕೊಟ್ಟಿತು. ನನ್ನ ನೆನಪಿನ ಅಂಕದೊಳಗೆ ಅವರ ಅಂಕವೇ ಸೇರಿಕೊಂಡಿತ್ತು. ಎಲ್ಲರೂ 9 ಅಂದಿದ್ದ ಗೇಮ್‌ಗೆ 5 ಹಾಕಲು ನನ್ನ ಕೈಯೇ ಬರುತ್ತಿರಲಿಲ್ಲ, ಆಡಿದ್ದು ನಾಲ್ಕೇ ಗಂಟೆಯಾದರೂ.

ಕೆಲಸ ಮಾಡಿದ್ದು ಮೂರನೆಯದು. ಅಂಕ ಹಾಕುವುದನ್ನೇ ನಿಲ್ಲಿಸಿದೆ. ಒಂದೊಂದು ಗೇಮ್‌ಗೂ ಮೂರು ವಿಷಯ ಮಾತ್ರ ಬರೆದೆ: ಎಷ್ಟು ಗಂಟೆ ಆಡಿದೆ, ಮುಗಿಸಿದೆನಾ, ಮುಗಿಸದಿದ್ದರೆ ಯಾವ ಜಾಗದಲ್ಲಿ ಬಿಟ್ಟೆ. ಗಂಟೆ ಸ್ಟೀಮ್‌ನಲ್ಲೂ ಕನ್ಸೋಲ್‌ನಲ್ಲೂ ದಾಖಲಾಗಿರುತ್ತದೆ, ಅಲ್ಲಿ ನೆನಪಿನ ಆಟ ನಡೆಯುವುದಿಲ್ಲ. ಆಮೇಲೆ ಪಕ್ಕದಲ್ಲಿ ಮೆಟಾಕ್ರಿಟಿಕ್ ಅಂಕ ಹಾಕಿ ನೋಡಿದೆ. 70ರ ಕೆಳಗಿನವನ್ನು ನಾನು ಬಹುಪಾಲು ಬಿಟ್ಟಿದ್ದೆ, ಅದು ಸರಿಯೇ. ಆದರೆ 80ರಿಂದ ಮೇಲಕ್ಕೆ ಅಂಕಕ್ಕೂ ನಾನು ಮುಗಿಸಿದ್ದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಇಡೀ ಶೀಟ್‌ನಲ್ಲಿ ಅತಿ ಹೆಚ್ಚು ಗಂಟೆ ಆಡಿದ್ದು, ಮೂರು ಸಲ ಮುಗಿಸಿದ್ದು, 2010ರ ಫಾಲ್‌ಔಟ್: ನ್ಯೂ ವೆಗಾಸ್. ಅದರ ಅಂಕ 84. 85 ಬಂದಿದ್ದರೆ ತಯಾರಕರಾದ ಅಬ್ಸಿಡಿಯನ್‌ಗೆ ಬೋನಸ್ ಸಿಗಬೇಕಿತ್ತು, ಆ ಒಂದು ಅಂಕಕ್ಕೆ ಅದು ತಪ್ಪಿಹೋಯಿತು ಅನ್ನುವುದು ನಿಮಗೆ ಗೊತ್ತೇ ಇದೆ. ಆ ಸಾಲು ಶೀಟ್‌ನ ತುದಿಯಲ್ಲಿ ಕೂತಿದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಯಿತು. ನಾನು ಅತಿ ಹೆಚ್ಚು ಪ್ರೀತಿಸಿದ ಗೇಮ್ ಮಾಡಿದವರ ಕೈಗೆ ಬರಬೇಕಾದ ದುಡ್ಡು ಒಂದು ಸರಾಸರಿಯಲ್ಲಿ ಕಳೆದುಹೋಗಿತ್ತು.

ಅಲ್ಲಿಂದ ವಿಮರ್ಶಕರನ್ನು ಒರೆಗೆ ಹಚ್ಚಲು ಕೂತೆ. ಪತ್ರಿಕೆಯನ್ನಲ್ಲ, ಬರೆಯುವವರನ್ನು. ಒಂದೇ ಪತ್ರಿಕೆಯಲ್ಲಿ ಹತ್ತು ಜನ ಬರೆಯುತ್ತಾರೆ, ಹತ್ತು ಜನರ ರುಚಿಯೂ ಬೇರೆ. ಹನ್ನೊಂದು ಜನರನ್ನು ಆರಿಸಿ, ನನ್ನ 40 ಗೇಮ್‌ಗಳಲ್ಲಿ ಅವರು ಬರೆದಿದ್ದನ್ನೆಲ್ಲ ಹುಡುಕಿ ಓದಿದೆ. ಎರಡು ತಿಂಗಳು ಹಿಡಿಯಿತು. ಕೊನೆಗೆ ಉಳಿದವರು ನಾಲ್ವರು. ಅವರು ಯಾರು ಅಂತ ಹೇಳುವುದಿಲ್ಲ. ನಿಮ್ಮ ನಾಲ್ವರು ಬೇರೆಯವರೇ ಆಗಿರುತ್ತಾರೆ, ಮತ್ತೆ ಇಷ್ಟು ಕಷ್ಟಪಟ್ಟು ಹುಡುಕಿದ್ದನ್ನು ಹಂಚಲು ನನಗೆ ಮನಸ್ಸೂ ಇಲ್ಲ. ಎಂಥವರು ಅಂತ ಹೇಳುತ್ತೇನೆ. ಒಬ್ಬರ 7 ನನಗೆ 9, ಅವರಿಗೆ ಕಥೆ ಮುಖ್ಯ, ನನಗೆ ಓಡಾಟ ಮುಖ್ಯ. ಇನ್ನೊಬ್ಬರು ತಾಂತ್ರಿಕ ತೊಂದರೆಗಳನ್ನು ಎಂದೂ ಮುಚ್ಚಿಡುವುದಿಲ್ಲ. ಮೂರನೆಯವರು ಗೇಮ್ ಮುಗಿಸದೆ ಬರೆಯುವುದಿಲ್ಲ, ತಡವಾದರೂ ಸರಿ. ನಾಲ್ಕನೆಯವರೇ ನನ್ನ ಹೆಮ್ಮೆ. ಅವರು ಮನಸಾರೆ ಹೊಗಳಿ 10 ಕೊಟ್ಟದ್ದರಲ್ಲಿ ಹೆಚ್ಚಿನವನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ, ಆರಕ್ಕೆ ಐದರಂತೆ. ನನ್ನ ರುಚಿಗೆ ಇಷ್ಟು ನಂಬುವ ಹಾಗೆ ಉಲ್ಟಾ ಇರುವವರು ಸಿಕ್ಕಿದ್ದು ನನ್ನ ಅದೃಷ್ಟ. ಒಪ್ಪುವವರಿಗಾಗಿ ಎಲ್ಲರೂ ಹುಡುಕುತ್ತಾರೆ. ಸದಾ ಒಂದೇ ಥರ ಒಪ್ಪದವರನ್ನು ಹುಡುಕಿ ನೋಡಿ, ಅದರಷ್ಟು ಬೆಲೆ ಬಾಳುವುದು ಇನ್ನೊಂದಿಲ್ಲ.

ಓದುವ ಕ್ರಮವನ್ನೂ ಬದಲಿಸಿದೆ. ಮೊದಲು 6 ಮತ್ತು 7 ಕೊಟ್ಟವರನ್ನು ಓದುತ್ತೇನೆ, 10 ಮತ್ತು 4 ಕೊಟ್ಟವರನ್ನು ಕೊನೆಗೆ. ನಡುವಿನ ಅಂಕ ಕೊಟ್ಟವರು ತಮ್ಮನ್ನು ಸಮರ್ಥಿಸಿಕೊಳ್ಳಬೇಕು, ಹಾಗಾಗಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಅಂತ ಬಿಡಿಸಿ ಬರೆಯುತ್ತಾರೆ. ಇದರ ಜೊತೆ ನಕ್ಷತ್ರದ ಗೊಂದಲ ನೆನಪಿರಲಿ. ಐದಕ್ಕೆ ಮೂರು ನಕ್ಷತ್ರ ಕೊಡುವವರು ಬಹಳ ಸಲ ‘ಚೆನ್ನಾಗಿದೆ’ ಅಂತಲೇ ಹೇಳುತ್ತಿರುತ್ತಾರೆ. ಮೆಟಾಕ್ರಿಟಿಕ್‌ನಲ್ಲಿ ಅದು 60 ಆಗಿ ಹಳದಿ ಚೌಕಕ್ಕೆ ಬೀಳುತ್ತದೆ. ದೊಡ್ಡ ಗೇಮ್‌ಗಳಿಗೆ 7ರ ಕೆಳಗೆ ಇಳಿಯುವವರೇ ಕಡಿಮೆ ಇರುವಾಗ, ಆ 60 ಬೈಗುಳದ ಹಾಗೆ ಕಾಣುತ್ತದೆ.

ಜಗಳ ಇರುವ ಗೇಮ್‌ಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಡೆತ್ ಸ್ಟ್ರ್ಯಾಂಡಿಂಗ್‌ನಿಂದ. 2019ರಲ್ಲಿ ಅದಕ್ಕೆ ಗೇಮ್ ತಾಣ ಐಜಿಎನ್ 6.8 ಕೊಟ್ಟಿತು, ಜಪಾನಿನ ಗೇಮ್ ಪತ್ರಿಕೆ ಫಾಮಿತ್ಸುವಿನಲ್ಲಿ ನಾಲ್ವರೂ ಹತ್ತು ಹತ್ತು ಹಾಕಿ 40ಕ್ಕೆ 40 ಕೊಟ್ಟರು. ಸರಾಸರಿ 82. ಆ 82 ಅನ್ನೋದು ಯಾರ ಅಭಿಪ್ರಾಯವೂ ಅಲ್ಲ. ಹೊಗಳಿದವರೂ ತೆಗಳಿದವರೂ ಬರೆದಿದ್ದು ಒಂದನ್ನೇ: ಬೆನ್ನ ಮೇಲೆ ಹೊರೆ ಹೊತ್ತು ಗುಡ್ಡ ಹತ್ತಿ ಇಳಿಯುವ ಗೇಮ್ ಇದು. ನನಗೆ ಅಷ್ಟು ಸಾಕಿತ್ತು. ತಡವಾಗಿ ಕೊಂಡೆ, ಸುಮಾರು 70 ಗಂಟೆ ಆಡಿದೆ. ಹೊಳೆ ದಾಟುವಾಗ ಏಣಿ ಮಲಗಿಸಿ, ಕಂಟ್ರೋಲರ್‌ನ ಎರಡೂ ಟ್ರಿಗರ್ ಒತ್ತಿ ಹಿಡಿದು, ಹೊರೆ ಒಂದು ಕಡೆ ವಾಲದ ಹಾಗೆ ಒಂದೊಂದೇ ಹೆಜ್ಜೆ ಇಟ್ಟ ಸಂಜೆಗಳು ಈಗಲೂ ಕಣ್ಣ ಮುಂದಿವೆ. ಶೀಟ್‌ನಲ್ಲಿ ಈಗ ‘ಅಂತರ’ ಅಂತ ಒಂದು ಕಾಲಂ ಇದೆ, ಮೇಲಿನ ಅಂಕಕ್ಕೂ ಕೆಳಗಿನದಕ್ಕೂ ಎಷ್ಟು ದೂರ ಅಂತ. ಅಂತರ ಜಾಸ್ತಿ ಇದ್ದರೆ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅದರ ಪಕ್ಕ ಇನ್ನೊಂದು ಕಾಲಂ ಇದೆ, ಅದರ ಲೆಕ್ಕ ನನ್ನ ಹತ್ತಿರವೇ ಇರಲಿ.

ಪ್ಲ್ಯಾಟ್‌ಫಾರ್ಮ್ (ಪಿಸಿಯೋ, ಯಾವ ಕನ್ಸೋಲೋ) ಮತ್ತು ತಾರೀಖನ್ನು ಶೀಟ್‌ನಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸೈಬರ್‌ಪಂಕ್ 2077 ನೆನಪಿದೆಯಲ್ಲ. 2020ರ ಡಿಸೆಂಬರ್‌ನಲ್ಲಿ ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಅಂಕ 90ರ ಆಸುಪಾಸಿನಲ್ಲಿ ಶುರುವಾಯಿತು. ಸೋನಿಯ ಕನ್ಸೋಲ್ ಪಿಎಸ್4ನಲ್ಲಿ ಆಡಿದವರ ವಿಮರ್ಶೆ ಬಂದಾಗ ಆ ಆವೃತ್ತಿಯ ಅಂಕ 60ನ್ನೂ ಮುಟ್ಟಲಿಲ್ಲ. ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದು, 2021ರ ಜೂನ್‌ನಲ್ಲಿ ಮತ್ತೆ ಹಾಕಿತು. 2023ರ 2.0 ಅಪ್‌ಡೇಟ್ ಬಂದ ಮೇಲೆ ನಾನು ಆಡಿದ್ದು ಬೇರೆಯೇ ಗೇಮ್. ಮೆಟಾಕ್ರಿಟಿಕ್ ಅಂಕ ಮಾತ್ರ ಬಿಡುಗಡೆಯ ದಿನಗಳದ್ದೇ.

ಬಾಲ್ಡರ್ಸ್ ಗೇಟ್ 3ರಲ್ಲಿ ಇನ್ನೊಂದು ಪಾಠ. 2023ರ ಆಗಸ್ಟ್‌ನಲ್ಲಿ ಅಷ್ಟು ದೊಡ್ಡ ಗೇಮ್‌ನ ಪ್ರತಿ ವಿಮರ್ಶಕರ ಕೈಗೆ ಬಂದಿದ್ದು ಬಿಡುಗಡೆಗೆ ಕೆಲವೇ ದಿನ ಮುಂಚೆ. ಬೇಗ ಬರೆದವರಲ್ಲಿ ಎಷ್ಟೋ ಜನ ಕಥೆಯ ಕೊನೆಯದಾದ ಮೂರನೇ ಭಾಗ ತಲುಪಿರಲಿಲ್ಲ, ಅಲ್ಲಿ ಫ್ರೇಮ್ ಬಿದ್ದು ಚಿತ್ರ ತಡವರಿಸುತ್ತದೆ ಅನ್ನುವುದು ತಡವಾಗಿ ಬಂದ ಬರಹಗಳಲ್ಲಿ ಸಿಕ್ಕಿತು. ಮುಗಿಸದೆ ಬರೆಯದ ನನ್ನ ಆ ಮೂರನೆಯವರಿಗಾಗಿ ಕಾದೆ, ಕಾದದ್ದು ಸಾರ್ಥಕವಾಯಿತು. 2025ರ ಸಿಲ್ಕ್‌ಸಾಂಗ್‌ಗೆ ಯಾರಿಗೂ ಮುಂಚಿತ ಪ್ರತಿಯೇ ಸಿಗಲಿಲ್ಲ, ವಿಮರ್ಶಕರೂ ನಮ್ಮ ಜೊತೆಗೇ ಸೆಪ್ಟೆಂಬರ್ 4ರಂದು ಶುರುಮಾಡಿದರು. 20 ಡಾಲರ್‌ನ ಗೇಮ್, ಅದಕ್ಕೆ ಶೀಟ್ ತೆರೆಯಲೇ ಇಲ್ಲ. ಕೊಂಡೆ, ಆಡಿದೆ. ನನ್ನ ನಿಯಮ 40 ಡಾಲರ್‌ನಿಂದ ಮೇಲಕ್ಕೆ ಮಾತ್ರ.

ಸ್ಟೀಮ್‌ನಲ್ಲಿ ಆಟಗಾರರೇ ಬರೆಯುವ ವಿಮರ್ಶೆಯಲ್ಲಿ ನಾನು ನೋಡುವುದು ಬೇಡ ಅಂದವರನ್ನು, ಅದೂ 30 ಗಂಟೆಗಿಂತ ಹೆಚ್ಚು ಆಡಿದವರನ್ನು. ಶೇಕಡಾ ಎಷ್ಟು ಜನ ಮೆಚ್ಚಿದ್ದಾರೆ ಅನ್ನುವುದನ್ನು ನಂಬಿ ಕೂರಬೇಡಿ. 2024ರ ಮೇನಲ್ಲಿ ಹೆಲ್‌ಡೈವರ್ಸ್ 2ಗೆ ಸೋನಿಯ ಆನ್‌ಲೈನ್ ಸೇವೆಯಾದ ಪಿಎಸ್‌ಎನ್ ಖಾತೆ ಕಡ್ಡಾಯ ಅಂದಾಗ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ವಿಮರ್ಶೆ ಬಂದವು, ಸೋನಿ ಆ ನಿರ್ಧಾರ ಹಿಂತೆಗೆದುಕೊಂಡಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗೇಮ್ ಆಡಲು ಹೇಗಿದೆ ಅಂತ ಅದರಿಂದ ತಿಳಿಯುವುದಿಲ್ಲ.

ಇದರ ನಡುವೆ ತಮ್ಮನನ್ನು ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಅವನು ವಿಮರ್ಶೆಗಳಿಂದ ಅಂಕ ತೆಗೆದು ಬರೀ ಬರಹ ಕಳಿಸುವುದು, ನಾನು ಅಂಕ ಊಹಿಸುವುದು. ಮೊದಲ ಇಪ್ಪತ್ತರಲ್ಲಿ ಒಂದೂವರೆ ಅಂಕದಷ್ಟು ತಪ್ಪುತ್ತಿದ್ದೆ. ಅರವತ್ತು ದಾಟುವ ಹೊತ್ತಿಗೆ ಅರ್ಧ ಅಂಕದೊಳಗೆ ಬಂದೆ. ‘ಅಣ್ಣ, ನೀನು ನೋಡ್ಕೊಂಡು ಹೇಳ್ತಿದೀಯ’ ಅಂತ ಅವನು ಜಗಳಕ್ಕೇ ಬಂದ. ಒಬ್ಬ ವಿಮರ್ಶಕರದ್ದು ಮಾತ್ರ ಎಷ್ಟು ಸಲ ಮಾಡಿದರೂ ಬರಹಕ್ಕೂ ಅಂಕಕ್ಕೂ ತಾಳೆಯಾಗಲಿಲ್ಲ, ಅವರನ್ನು ಪಟ್ಟಿಯಿಂದ ತೆಗೆದೆ. ‘ಆದರೆ’ ಅನ್ನುವ ಮಾತು ವಿಮರ್ಶೆಯಲ್ಲಿ ಎಷ್ಟನೇ ಪ್ಯಾರಾದಲ್ಲಿ ಬರುತ್ತದೆ ಅಂತಲೂ ಎಣಿಸಿದ್ದೆ. ಅದರಿಂದ ಏನೂ ಹೊರಡಲಿಲ್ಲ, ಮೂರು ವಾರ ಹೋಯಿತು.

ಗೆಳೆಯನ ಬಾಯಿ ಕಟ್ಟಿದ್ದು ಪಂಥದಿಂದ. ಅವನ ಹಳೆಯ ಗೇಮ್‌ಗಳ ಗಂಟೆಗಳನ್ನೆಲ್ಲ ಕೊಡು ಅಂದೆ, ಅವನಿಗೊಂದು ಶೀಟ್ ಮಾಡಿದೆ. ಬರಲಿದ್ದ ಹತ್ತು ಗೇಮ್‌ಗಳಲ್ಲಿ ಅವನು ಯಾವುದನ್ನು ಮುಗಿಸುತ್ತಾನೆ, ಯಾವುದನ್ನು ಬಿಡುತ್ತಾನೆ ಅಂತ ಒಂದೊಂದರ ವಿಮರ್ಶೆ ಬಂದ ವಾರವೇ ಬರೆದು ತಮ್ಮನ ಕೈಗೆ ಕೊಟ್ಟೆ. ಹತ್ತರಲ್ಲಿ ಎಂಟು ಸರಿಯಾಯಿತು. ಅದರಲ್ಲಿ 2025ರ ಎಕ್ಸ್‌ಪೆಡಿಷನ್ 33 ಇತ್ತು. ಸರದಿಯ ಮೇಲೆ ಹೊಡೆದಾಡುವ ಟರ್ನ್ ಬೇಸ್ಡ್ ಗೇಮ್ ಅಂದರೆ ಮುಖ ತಿರುಗಿಸುವವನು ಅವನು, 90ರ ಮೇಲಿನ ಅಂಕ ನೋಡಿಯೂ ಬೇಡ ಅಂದಿದ್ದ. ಶತ್ರುವಿನ ಏಟನ್ನು ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಡೆಯಬೇಕು ಅಂತ 7 ಕೊಟ್ಟ ಒಬ್ಬರು ಬೇಸರದಿಂದ ಬರೆದಿದ್ದರು. ಇವನ ಶೀಟ್‌ನಲ್ಲಿ ಅತಿ ಹೆಚ್ಚು ಗಂಟೆ ಇದ್ದದ್ದು ಸೆಕಿರೋದಲ್ಲಿ, ಅದೂ ಸರಿಯಾದ ಕ್ಷಣಕ್ಕೆ ಏಟು ತಡೆಯುವ ಗೇಮೇ. ‘ಕೊಂಡ್ಕೊ, ಮುಗಿಸ್ತೀಯ’ ಅಂದೆ. ಎರಡು ವಾರದಲ್ಲಿ ಮುಗಿಸಿದ.

ತಪ್ಪಿದ ಎರಡೂ ರೇಸಿಂಗ್ ಗೇಮ್‌ಗಳು. ನನ್ನ ನಾಲ್ವರಲ್ಲಿ ಯಾರೂ ಅವನ್ನು ಆಸೆಯಿಂದ ಆಡುವವರಲ್ಲ, ಅದು ಅವರ ಬರಹದಲ್ಲೇ ಗೊತ್ತಾಗುತ್ತದೆ. ಸ್ಟಿಯರಿಂಗ್ ವೀಲ್ ಇಟ್ಟುಕೊಂಡು ಆಡಿ ಬರೆಯುವ ಮೂವರನ್ನು ಈಗ ಗುರುತು ಹಾಕಿಕೊಂಡಿದ್ದೇನೆ, ಅವರ ಹಳೆಯ ವಿಮರ್ಶೆಗಳನ್ನು ಓದುತ್ತಿದ್ದೇನೆ. ಒಬ್ಬರದ್ದು ಮುಗಿಯಿತು, ಇನ್ನಿಬ್ಬರದ್ದು ಬಾಕಿ.